ಕೆಂಪು ಹೋಯ್ತು ಅಂದ್ರೆ ಕಾಯಿಲೆ ಹೋಯ್ತು ಅಂತಲ್ಲ: ಮುಂಬೈ ಮಳೆಗಾಲ ಮತ್ತು ಕಣ್ಣೊಳಗಿನ ಉರಿಯೂತ

ಮುಂಬೈಯಲ್ಲಿ ಮಳೆ ಹಿಡಿದು ಎರಡು ಮೂರು ವಾರ ಆಗುವಷ್ಟರಲ್ಲಿ ಲೋಕಲ್ ಟ್ರೇನಲ್ಲಿ ಕಪ್ಪು ಕನ್ನಡಕದವರು ಜಾಸ್ತಿ ಆಗ್ತಾರೆ, ಅದೂ ಬಿಸಿಲೇ ಇಲ್ಲದ ದಿನಗಳಲ್ಲಿ. ಕಣ್ಣು ಬಂದಿದೆ, ಅಂದ್ರೆ ಐ ಫ್ಲೂ ಆಗಿದೆ ಅಂತ ಅರ್ಥ. 2023ರ ಮಳೆಗಾಲದಲ್ಲಂತೂ ಪುಣೆ ಹತ್ರದ ಆಳಂದಿಯಲ್ಲಿ ದೊಡ್ಡ ಮಟ್ಟದಲ್ಲಿ ಕಾಣಿಸ್ಕೊಂಡು ಮಹಾರಾಷ್ಟ್ರದ ಬೇರೆ ಕಡೆಗಳಲ್ಲೂ ಜೋರಾಗಿತ್ತು, ವೈರಸ್ಸಿನ ಕೆಲಸ ಅದು, ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ತನ್ನಷ್ಟಕ್ಕೇ ಗುಣವಾಗುವಂಥದ್ದು. ಹೀಗೆ ತನ್ನಷ್ಟಕ್ಕೇ ಹೋಗುವ ಕಾಯಿಲೆ ನಮಗೆ ಎಷ್ಟು ಅಭ್ಯಾಸ ಆಗಿಬಿಟ್ಟಿದೆ ಅಂದ್ರೆ, ಕಣ್ಣು ಕೆಂಪಾದ ಕೂಡಲೇ ಸ್ಟೇಷನ್ ಪಕ್ಕದ ಮೆಡಿಕಲಿಗೆ ಹೋಗಿ "ಭೈಯಾ, ಆಂಖ್ ಕಾ ಡ್ರಾಪ್ ದೇನಾ" ಅಂದ್ರೆ ಮುಗೀತು. ಬಾಟಲಿಯಲ್ಲಿ ಏನು ಬರ್ದಿದೆ ಅಂತ ಓದುವವರು ಕಡಿಮೆ. ಹಾಗೆ ಡ್ರಾಪ್ಸ್ ತಗೊಂಡು ಹೋಗುವವರಲ್ಲಿ ಕೆಲವರಿಗೆ ಇರೋದು ಐ ಫ್ಲೂ ಆಗಿರೋದೇ ಇಲ್ಲ. ಅವರದ್ದು ಕಣ್ಣಿನ ಒಳಗಡೆಯ ಉರಿಯೂತ, ಡಾಕ್ಟ್ರು ಯೂವಿಯೈಟಿಸ್ ಅಂತಾರೆ. ಐ ಫ್ಲೂ ಲೆಕ್ಕಕ್ಕೆ ಇದು ಅಪರೂಪ ಹೌದು, ಆದ್ರೆ ಹೆಚ್ಚಾಗಿ ಬರೋದು 20ರಿಂದ 60ರ ಒಳಗಿನ ದುಡಿಯುವ ವಯಸ್ಸಲ್ಲಿ, ಸರಿಯಾಗಿ ನೋಡದೆ ಬಿಟ್ರೆ ದೃಷ್ಟಿಯೇ ಹೋಗ್ಬಹುದು, ಹೋದದ್ದೆಲ್ಲ ವಾಪಸ್ ಬರ್ತದೆ ಅನ್ನೋ ಖಾತ್ರಿ ಇಲ್ಲ.

ಈ ಕಾಯಿಲೆಗೆ ಮುಂಬೈಯಂಥ ಊರಲ್ಲಿ ಔಷಧಿಗೆ ಬರ ಇಲ್ಲ, ಡಾಕ್ಟ್ರಿಗೂ ಬರ ಇಲ್ಲ. ಆದ್ರೂ ನಮ್ಮೋರು, ಮುಂಬೈ ಕನ್ನಡಿಗರು, ಕಣ್ಣು ಕಳ್ಕೊಳ್ಳೋದು ಎರಡು ಜಾಗದಲ್ಲಿ ಅಂತ ನನಗೆ ಅನ್ನಿಸ್ತದೆ, ಔಷಧಿ ಶುರು ಮಾಡುವಲ್ಲಿ ಮತ್ತು ನಿಲ್ಲಿಸುವಲ್ಲಿ. ಎರಡು ಕಡೆಯೂ ನಾವು ನೋಡುವ ಅಳತೆಗೋಲು ಒಂದೇ, ಕಣ್ಣಿನ ಕೆಂಪು. ಕನ್ನಡಿಯಲ್ಲಿ ಕೆಂಪು ಕಂಡ್ರೆ ಕಾಯಿಲೆ ಉಂಟು, ಕಾಣದಿದ್ರೆ ಇಲ್ಲ. ಈ ಕಾಯಿಲೆಯ ಮಟ್ಟಿಗೆ ಆ ಅಳತೆಗೋಲು ಪೂರ್ತಿ ಸುಳ್ಳು ಹೇಳ್ತದೆ, ಯಾಕೆ ಅಂತ ಸ್ವಲ್ಪ ಬಿಡಿಸಿ ನೋಡುವಾ.

ಮೊದಲು ಎರಡರ ವ್ಯತ್ಯಾಸ. ಐ ಫ್ಲೂನಲ್ಲಿ ಉರಿಯೋದು ಕಣ್ಣಿನ ಬಿಳಿಭಾಗದ ಮೇಲಿರುವ ತೆಳು ಪೊರೆ ಮಾತ್ರ, ಬೆಳಿಗ್ಗೆ ಎದ್ದಾಗ ಪಿಸುರು ಬಂದು ರೆಪ್ಪೆ ಅಂಟಿಕೊಂಡಿರ್ತದೆ, ಮರಳು ಬಿದ್ದ ಹಾಗೆ ಕಿರಿಕಿರಿ, ಕಣ್ಣು ಪೂರ್ತಿ ಕೆಂಪು, ಒಂದು ಕಣ್ಣಿಗೆ ಬಂದದ್ದು ಎರಡು ದಿನದಲ್ಲಿ ಇನ್ನೊಂದಕ್ಕೆ, ಆಮೇಲೆ ಮನೆಯವರಿಗೆಲ್ಲ. ಯೂವಿಯೈಟಿಸ್ ಕಣ್ಣಿನ ಮುಂಭಾಗದಲ್ಲಿ ಏಕಾಏಕಿ ಶುರುವಾದ್ರೆ ಸಾಮಾನ್ಯವಾಗಿ ಒಂದೇ ಕಣ್ಣು, ಪಿಸುರು ಇರೋದಿಲ್ಲ, ಬರೀ ನೀರು. ಕೆಂಪು ಕಪ್ಪುಗುಡ್ಡೆಯ ಸುತ್ತಲೂ ಉಂಗುರ ಕಟ್ಟಿದ ಹಾಗೆ ಜಾಸ್ತಿ. ನೋವು ಒಳಗಿನಿಂದ, ಹುಬ್ಬಿನ ತನಕ ಎಳೀತದೆ, ಬೆಳಕು ನೋಡ್ಲಿಕ್ಕೇ ಆಗೋದಿಲ್ಲ, ದೃಷ್ಟಿ ಮಂಜು. ಇನ್ನೊಂದು ವಿಚಿತ್ರ ಲಕ್ಷಣ ಉಂಟು, ಸರಿ ಇರುವ ಕಣ್ಣಿಗೆ ಟಾರ್ಚ್ ಬಿಟ್ರೂ ಕೆಟ್ಟ ಕಣ್ಣಲ್ಲಿ ನೋವಾಗ್ತದೆ, ಯಾಕಂದ್ರೆ ಒಂದಕ್ಕೆ ಬೆಳಕು ಬಿದ್ರೂ ಎರಡು ಪಾಪೆಯೂ ಒಟ್ಟಿಗೇ ಕುಗ್ಗುವುದು. ನೋವು, ಬೆಳಕಿಗೆ ತ್ರಾಸು, ಮಂಜು ಈ ಮೂರರಲ್ಲಿ ಒಂದು ಇದ್ರೂ ಮೆಡಿಕಲಿನ ಕೌಂಟರ್ ನಿಮ್ಮ ಜಾಗ ಅಲ್ಲ. ಕಣ್ಣಿನ ಪ್ರೆಶರ್ ಒಮ್ಮೆಲೇ ಏರುವ ಗ್ಲಾಕೋಮಾ ಕೂಡ ಹೀಗೇ ಬರ್ತದೆ, ಅದಕ್ಕೆ ಕಾಯ್ಲಿಕ್ಕೆ ಗಂಟೆಗಳಷ್ಟೇ ಟೈಮ್.

ಮುಂಬೈ ಹೋಟೆಲ್ ಲೈನಿನಲ್ಲಿರುವ ನಮ್ಮೋರಿಗೆ ಇನ್ನೊಂದು ಕಷ್ಟ. ಕಿಚನ್ನಲ್ಲಿ ಬೆಳಗಾದ್ರೆ ಈರುಳ್ಳಿ, ಒಗ್ಗರಣೆ ಹೊಗೆ, ರಾತ್ರಿ ಹನ್ನೆರಡಕ್ಕೆ ಮಲಗಿ ಐದಕ್ಕೆ ಏಳೋದು, ಕಣ್ಣು ಕೆಂಪಾಗ್ಲಿಕ್ಕೆ ಕಾರಣ ಹುಡುಕ್ಬೇಕಾದ್ದೇ ಇಲ್ಲ. "ನಿದ್ದೆ ಇಲ್ಲ ಮಾರಾಯ್ರೆ, ಹೊಗೆ ತಾಗಿದೆ" ಅಂತ ವಾರ ಕಳೀತದೆ. ಊರಿಗೆ ಫೋನ್ ಮಾಡಿದ್ರೆ ಅಮ್ಮ ನಂದಿಬಟ್ಟಲು ಹೂ ನೀರಲ್ಲಿ ಹಾಕಿಟ್ಟು ಬಿಡು ಅಂತಾರೆ, ಪಕ್ಕದ ಮನೆಯವರು ಗುಲಾಬ್ ಜಲ್ ಅಂತಾರೆ, ಎದೆಹಾಲು ಹೇಳುವವರೂ ಇದ್ದಾರೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಈ ಒಂದು ವಿಷಯದಲ್ಲಿ ಅಕ್ಷರಶಃ ನಿಜ, ಕಾಯಿಲೆ ಇರೋದು ಕಣ್ಣಿನ ಒಳಗೆ, ಹೂವಿನ ನೀರು ಅಲ್ಲಿಗೆ ಹೋಗೋದೇ ಇಲ್ಲ, ಮೇಲಿಂದ ಹೊಸ ಇನ್ಫೆಕ್ಷನ್ ತಂದ್ರೂ ತಂದೀತು.

ಕಣ್ಣಿನ ಗೋಡೆಗೆ ಮೂರು ಪದರ. ಹೊರಗೆ ಬಿಳಿ ಗಟ್ಟಿ ಪದರ, ಒಳಗೆ ಬೆಳಕು ಹಿಡಿಯುವ ರೆಟಿನಾ, ನಡುವೆ ರಕ್ತನಾಳ ತುಂಬಿರುವ ಯೂವಿಯಾ. ಈ ನಡುವಿನ ಪದರದ ಮುಂಭಾಗವೇ ನಮಗೆ ಕಾಣುವ ಐರಿಸ್, ಅದರ ಹಿಂದೆ ಕಣ್ಣೊಳಗಿನ ನೀರು ತಯಾರು ಮಾಡುವ ಸಿಲಿಯರಿ ಬಾಡಿ, ಹಿಂಭಾಗದಲ್ಲಿ ರೆಟಿನಾಕ್ಕೆ ಆಹಾರ ಕೊಡುವ ಕೊರಾಯ್ಡ್. ಸಾಮಾನ್ಯವಾಗಿ ಕಣ್ಣೊಳಗಿನ ನೀರಿಗೆ ರಕ್ತದ ಬಿಳಿಕಣಗಳು ಬರೋ ಹಾಗಿಲ್ಲ, ರಕ್ತನಾಳದ ಗೋಡೆಯಲ್ಲೇ ಒಂದು ತಡೆ ಇರ್ತದೆ. ಉರಿಯೂತ ಆದಾಗ ಆ ತಡೆ ಒಡೆದು ಬಿಳಿಕಣಗಳೂ ಪ್ರೋಟೀನೂ ಸೋರಿ ಒಳಗೆ ಬರ್ತವೆ. ಕಣ್ಣಿನ ಡಾಕ್ಟ್ರು ಸ್ಲಿಟ್ ಲ್ಯಾಂಪಿಗೆ ನಿಮ್ಮ ಗಲ್ಲ ಇಡಿಸಿ ಕತ್ತಲೆಯಲ್ಲಿ ಸಣ್ಣ ಬೆಳಕಿನ ಕೋಲು ಬಿಡೋದು ಇದನ್ನು ನೋಡ್ಲಿಕ್ಕೇ, ಊರ ಮನೆಯ ಹಂಚಿನ ಸಂದಿಯಿಂದ ಬಿದ್ದ ಬಿಸಿಲುಕೋಲಲ್ಲಿ ಧೂಳು ತೇಲೋದು ಕಾಣ್ತದಲ್ಲ, ಥೇಟ್ ಹಾಗೆ ಆ ಕಣಗಳು ತೇಲ್ತಾ ಕಾಣ್ತವೆ. ಅದನ್ನು ಎಣಿಸ್ತಾರೆ ಕೂಡ. ಒಂದು ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರ್ ಅಗಲದ ಬೆಳಕಿನಲ್ಲಿ 1ರಿಂದ 5 ಕಣ ಇದ್ರೆ ಅರ್ಧ ಪ್ಲಸ್, 6ರಿಂದ 15 ಆದ್ರೆ ಒಂದು ಪ್ಲಸ್, ಹೀಗೆ ಏರ್ತಾ 50 ದಾಟಿದ್ರೆ ನಾಲ್ಕು ಪ್ಲಸ್. 2005ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಒಪ್ಪಂದದ ಅಳತೆ ಇದು, ಮುಂಬೈ ಡಾಕ್ಟ್ರು ಬರೆದದ್ದು ಮಂಗಳೂರಿನವರಿಗೂ ಅರ್ಥ ಆಗ್ತದೆ. ನಿಮ್ಮ ಕಾಯಿಲೆ ಎಷ್ಟಿದೆ ಅಂತ ಹೇಳೋದು ಈ ನಂಬರ್. ಕನ್ನಡಿಗೆ ಇದು ಕಾಣೋದಿಲ್ಲ, ಮೊಬೈಲ್ ಕ್ಯಾಮೆರಾಕ್ಕೂ ಇಲ್ಲ.

ಅದೇ ಒಪ್ಪಂದದ ಪ್ರಕಾರ ಉರಿಯೂತ ಎಲ್ಲಿದೆ ಅನ್ನೋದರ ಮೇಲೆ ನಾಲ್ಕು ವಿಧ, ಮುಂಭಾಗ, ನಡುಭಾಗ, ಹಿಂಭಾಗ, ಪೂರ್ತಿ ಕಣ್ಣು. ಮುಂಭಾಗದ್ದೇ ಹೆಚ್ಚು, ಕೆಂಪೂ ನೋವೂ ಇರೋದು ಬಹುಮಟ್ಟಿಗೆ ಅದರಲ್ಲಿ. ನಡುವಿನದ್ದು ಮತ್ತು ಹಿಂದಿನದ್ದು ಮೋಸಗಾರ, ಕಣ್ಣು ಹೊರಗಿಂದ ಬೆಳ್ಳಗೆ ಚಂದ ಇರ್ತದೆ, ನೋವೂ ಇಲ್ಲ, ಬರೀ ಕಣ್ಣ ಮುಂದೆ ಕಪ್ಪು ಚುಕ್ಕಿ, ಜೇಡರಬಲೆ ತರದ್ದು ತೇಲ್ತವೆ, ನಿಧಾನಕ್ಕೆ ಮಸುಕಾಗ್ತದೆ. ಅವರು ಹೋಗೋದು ಆಪ್ಟಿಕಲ್ಸ್ ಅಂಗಡಿಗೆ, ನಂಬರ್ ಬದಲಾಗಿದೆ ಅಂತ ಕನ್ನಡಕ ಮಾಡಿಸ್ಕೊಂಡು ಬರ್ತಾರೆ.

ಈಗ ಆ ಮೆಡಿಕಲ್ ಬಾಟಲಿಯ ಕಥೆಗೆ ಬರುವಾ. ಕೌಂಟರಲ್ಲಿ ಸುಲಭಕ್ಕೆ ಸಿಗುವ ಎಷ್ಟೋ ಡ್ರಾಪ್ಸಲ್ಲಿ ಆಂಟಿಬಯಾಟಿಕ್ ಜೊತೆ ಸ್ಟೆರಾಯ್ಡ್ ಸೇರಿಸಿರ್ತಾರೆ. ಚೀಟಿ ಇಲ್ಲದೆ ಕೊಡಬಾರದು ಅಂತ ಕಾನೂನಿದೆ, ಕೊಡ್ತಾರೆ ಅನ್ನೋದೂ ಎಲ್ಲರಿಗೂ ಗೊತ್ತಿದೆ. ಯೂವಿಯೈಟಿಸ್ ಇದ್ದವರಿಗೆ ಈ ಡ್ರಾಪ್ಸ್ ಹಾಕಿದ್ರೆ ಎರಡು ದಿನದಲ್ಲಿ ಕೆಂಪು ಇಳೀತದೆ, ನೋವೂ ಕಡಿಮೆ, ಯಾಕಂದ್ರೆ ಯೂವಿಯೈಟಿಸ್ಸಿಗೂ ಮದ್ದು ಸ್ಟೆರಾಯ್ಡೇ. ಅಂದ್ರೆ ಅಡ್ಡದಾರಿಯಲ್ಲಿ ಸರಿಯಾದ ಮದ್ದು ಸಿಕ್ಕಿತು, ಪ್ರಮಾಣ ಮಾತ್ರ ಕಾಲು ಭಾಗ, ಅವಧಿ ಅದಕ್ಕಿಂತ ಕಮ್ಮಿ. ಮೇಲಿನ ಕೆಂಪು ಹೋಯ್ತು, ಒಳಗೆ ಕಣಗಳು ತೇಲ್ತಾನೇ ಇವೆ, ಐರಿಸ್ ಅಂಟು ಹಿಡಿದು ಹಿಂದಿನ ಲೆನ್ಸಿಗೆ ಕಚ್ಚಿಕೊಳ್ತಾ ಇದೆ. ಸುತ್ತಲೂ ಕಚ್ಚಿಕೊಂಡ್ರೆ ಕಣ್ಣೊಳಗಿನ ನೀರಿಗೆ ದಾರಿ ಬಂದ್ ಆಗಿ ಪ್ರೆಶರ್ ಏರ್ತದೆ. ಮತ್ತೊಂದು ಅಪಾಯ, ಆ ಕೆಂಪು ಹರ್ಪಿಸ್ ವೈರಸ್ಸಿನದ್ದಾಗಿ ಕಪ್ಪುಗುಡ್ಡೆಯ ಮೇಲೆ ಹುಣ್ಣಿದ್ರೆ ಸ್ಟೆರಾಯ್ಡ್ ಅದಕ್ಕೆ ಗೊಬ್ಬರ. ಮತ್ತೆ ಕೆಲವರಿಗೆ ಸ್ಟೆರಾಯ್ಡ್ ಡ್ರಾಪ್ಸಿನಿಂದಲೇ ಕೆಲವು ವಾರಗಳಲ್ಲಿ ಕಣ್ಣಿನ ಪ್ರೆಶರ್ ಏರ್ತದೆ, ಅದು ನೋವು ಕೊಡೋದಿಲ್ಲ, ಸುಮ್ಮನೆ ನರ ತಿಂತದೆ. ನನಗೆ ಪರಿಚಯದ ಒಬ್ಬ ಕ್ಯಾಶಿಯರ್ ಗಲ್ಲಾದ ಡ್ರಾವರಲ್ಲೇ ಇಂಥ ಬಾಟಲಿ ಇಟ್ಕೊಂಡಿದ್ರು, ಕಣ್ಣು ಸ್ವಲ್ಪ ಕೆಂಪು ಅನ್ನಿಸಿದ್ರೆ ಎರಡು ಹನಿ, ಯಾರಿಗಾದ್ರೂ ಬೇಕಾದ್ರೆ ಅವರಿಗೂ ಎರಡು ಹನಿ!

ಸರಿಯಾದ ಚಿಕಿತ್ಸೆ ಹೇಗಿರ್ತದೆ ಅಂದ್ರೆ, ಮುಂಭಾಗದ ಜೋರು ಉರಿಯೂತಕ್ಕೆ ಪ್ರೆಡ್ನಿಸೊಲೋನ್ ಡ್ರಾಪ್ಸ್ ಶುರುವಿನಲ್ಲಿ ಗಂಟೆಗೊಂದು ಸಲ. ಬಾಟಲಿ ಚೆನ್ನಾಗಿ ಅಲ್ಲಾಡಿಸ್ಬೇಕು, ಮದ್ದು ತಳದಲ್ಲಿ ಕೂತಿರ್ತದೆ, ಅಲ್ಲಾಡಿಸದೆ ಹಾಕಿದ್ರೆ ನೀರು ಹಾಕಿದ ಹಾಗೆ, ಇದನ್ನು ಹೇಳಿಕೊಡ್ಲಿಕ್ಕೆ ಒಪಿಡಿಯಲ್ಲಿ ಯಾರಿಗೂ ಟೈಮ್ ಇರೋದಿಲ್ಲ. ಜೊತೆಗೆ ಅಟ್ರೋಪಿನ್ ಅಥವಾ ಹೋಮಟ್ರೋಪಿನ್, ಪಾಪೆ ದೊಡ್ಡದು ಮಾಡೋದು. ಈ ಎರಡನೇ ಬಾಟಲಿಯನ್ನೇ ಜನ ಮೊದಲು ಬಿಡೋದು, ಹಾಕಿದ ಮೇಲೆ ಹತ್ತಿರದ್ದು ಕಾಣೋದಿಲ್ಲ, ಬಿಲ್ ಓದ್ಲಿಕ್ಕೆ ಆಗೋದಿಲ್ಲ, ಬೆಳಕು ಚುಚ್ಚುತ್ತದೆ, ಈ ಮದ್ದಿನಿಂದ ಕಣ್ಣು ಹಾಳಾಯ್ತು ಅಂತ ಮೂಲೆಗೆ ಎಸೀತಾರೆ. ಅದರ ಕೆಲಸವೇ ಅದು. ಐರಿಸನ್ನು ಲೆನ್ಸಿನಿಂದ ದೂರ ಎಳೆದು ಇಟ್ಟು ಕಚ್ಚಿಕೊಳ್ಳದ ಹಾಗೆ ಮಾಡ್ತದೆ, ಒಳಗಿನ ಸ್ನಾಯುವಿನ ಸೆಡೆತ ಬಿಡಿಸಿ ನೋವು ಇಳಿಸ್ತದೆ.

ಆಮೇಲೆ ಇಳಿಸುವ ಕೆಲಸ. ಗಂಟೆಗೊಂದು ಸಲ ಇದ್ದದ್ದು ಎರಡು ಗಂಟೆಗೊಂದು, ನಂತರ ದಿನಕ್ಕೆ ಆರು, ನಾಲ್ಕು, ಮೂರು, ಎರಡು, ಒಂದು, ಹೀಗೆ ಒಂದೂವರೆ ತಿಂಗಳಷ್ಟು ಎಳೀತದೆ, ಕೆಲವರಿಗೆ ಇನ್ನೂ ಹೆಚ್ಚು. ಇಲ್ಲೇ ಗಾಡಿ ಹಳಿ ತಪ್ಪೋದು. ಮೊದಲ ವಾರದಲ್ಲೇ ಕಣ್ಣು ಬೆಳ್ಳಗಾಗಿರ್ತದೆ, ನೋವು ಹೋಗಿರ್ತದೆ, ಡೊಂಬಿವಲಿಯಿಂದ ದಾದರ್ ತನಕ ನಿಂತು ಬಂದು ಡ್ಯೂಟಿ ಮಾಡುವವನಿಗೆ ದಿನಕ್ಕೆ ಆರು ಸಲ ಡ್ರಾಪ್ಸ್ ಹಾಕು ಅಂದ್ರೆ ಯಾವ ಜನ್ಮದ ಶಿಕ್ಷೆ ಅನ್ನಿಸ್ತದೆ. ಬಿಟ್ಟುಬಿಡ್ತಾನೆ. ಒಳಗೆ ಉಳಿದ ಉರಿಯೂತ ಹದಿನೈದು ಇಪ್ಪತ್ತು ದಿನದಲ್ಲಿ ಮತ್ತೆ ಏಳ್ತದೆ, ಆಗ "ಈ ಡಾಕ್ಟ್ರ ಮದ್ದು ಹಿಡೀಲಿಲ್ಲ" ಅಂತ ಬೇರೆ ಡಾಕ್ಟ್ರು, ಅವರು ಮತ್ತೆ ಮೊದಲಿಂದ ಶುರು. ಮದ್ದು ನಿಲ್ಲಿಸಿದ ಮೂರು ತಿಂಗಳ ಒಳಗೆ ಮರುಕಳಿಸಿದ್ರೆ ಅದನ್ನು ದೀರ್ಘಕಾಲದ ಯೂವಿಯೈಟಿಸ್ ಲೆಕ್ಕಕ್ಕೆ ಸೇರಿಸ್ತಾರೆ, ಮೂರು ತಿಂಗಳಿಗಿಂತ ಹೆಚ್ಚು ಮದ್ದಿಲ್ಲದೆ ಶಾಂತ ಇದ್ದು ಮತ್ತೆ ಬಂದ್ರೆ ಅದು ಮರುಕಳಿಸುವ ಬಗೆ, ಎರಡರ ಚಿಕಿತ್ಸೆ ಬೇರೆ. ಮಧ್ಯದಲ್ಲಿ ನೀವೇ ಬಿಟ್ರೆ ಇದು ಯಾವ ಬಗೆ ಅಂತ ಡಾಕ್ಟ್ರಿಗೆ ತಿಳಿಯೋದಾದ್ರೂ ಹೇಗೆ.

ಸರಿ, ಬರೋದು ಯಾಕೆ? ಉತ್ತರ ಕೇಳಿದ್ರೆ ನಿರಾಸೆ ಆಗ್ತದೆ, ಮೂರನೇ ಒಂದರಿಂದ ಅರ್ಧದಷ್ಟು ರೋಗಿಗಳಲ್ಲಿ ಎಷ್ಟು ಟೆಸ್ಟ್ ಮಾಡಿದ್ರೂ ಕಾರಣ ಸಿಗೋದಿಲ್ಲ, ದೇಹದ ರಕ್ಷಣಾ ವ್ಯವಸ್ಥೆ ತನ್ನ ಕಣ್ಣನ್ನೇ ಶತ್ರು ಅಂತ ತಿಳಿದದ್ದು ಅಂತ ಹೇಳಿ ಮುಂದೆ ಹೋಗ್ಬೇಕು. ಹಾಗಂತ ಹುಡುಕದೆ ಬಿಡೋ ಹಾಗಿಲ್ಲ, ಮುಖ್ಯವಾಗಿ ಇನ್ಫೆಕ್ಷನ್ನಿಂದ ಬಂದದ್ದಾ ಅಲ್ವಾ ಅಂತ ಗೊತ್ತಾಗ್ಬೇಕು, ಯಾಕಂದ್ರೆ ಒಂದರ ಮದ್ದು ಇನ್ನೊಂದಕ್ಕೆ ವಿಷ. ಕಣ್ಣಿನ ಡಾಕ್ಟ್ರು ಸೊಂಟ ನೋವಿದೆಯಾ ಅಂತ ಕೇಳಿದ್ರೆ ನಗಬೇಡಿ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಸೊಂಟ ಹಿಡಿದುಕೊಂಡಿದ್ದು ಓಡಾಡಿದ ಮೇಲೆ ಸಡಿಲ ಆಗೋದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನೋ ಬೆನ್ನುಮೂಳೆ ಉರಿಯೂತದ ಲಕ್ಷಣ, ಅದಕ್ಕೂ ಎಚ್‌ಎಲ್‌ಎ-ಬಿ27 ಅನ್ನೋ ಜೀನಿಗೂ ಇರುವ ನಂಟು 1973ರಲ್ಲೇ ಗೊತ್ತಾಗಿದೆ. ಆ ಕಾಯಿಲೆ ಇದ್ದವರಲ್ಲಿ ನಾಲ್ವರಲ್ಲಿ ಒಬ್ಬರಿಗಾದ್ರೂ ಯಾವಾಗಲೋ ಒಮ್ಮೆ ಕಣ್ಣು ಹೀಗೆ ಕೆಂಪಾಗ್ತದೆ, ಇವತ್ತು ಎಡ, ಬರುವ ವರ್ಷ ಬಲ. ಎಷ್ಟೋ ಹುಡುಗರು ಇಡೀ ದಿನ ನಿಂತು ಕೆಲಸ ಮಾಡಿದ್ದಕ್ಕೆ ಸೊಂಟ ನೋವು ಅಂತ ವರ್ಷಗಟ್ಟಲೆ ಬಾಮ್ ಹಚ್ಚಿರ್ತಾರೆ, ಕೊನೆಗೆ ಸೊಂಟದ ಕಾಯಿಲೆ ಪತ್ತೆ ಆಗೋದು ಕಣ್ಣಿನ ಒಪಿಡಿಯಲ್ಲಿ.

ಮುಂಬೈಯಲ್ಲಿ ಕೂತು ಯೂವಿಯೈಟಿಸ್ ಬಗ್ಗೆ ಮಾತಾಡುವಾಗ ಟಿಬಿ ಬಿಟ್ಟು ಮಾತಾಡ್ಲಿಕ್ಕೆ ಆಗೋದಿಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿ, ಮುಂಬೈಯ ಚಾಳು, ಇಕ್ಕಟ್ಟಿನ ಬಿಲ್ಡಿಂಗು, ಹೋಟೆಲಿನ ಮೇಲಿನ ಮಹಡಿಯಲ್ಲಿ ಹತ್ತು ಹದಿನೈದು ಹುಡುಗರು ಒಟ್ಟಿಗೆ ಮಲಗುವ ಕೋಣೆ, ಗಾಳಿಯಲ್ಲಿ ಹರಡುವ ಕಾಯಿಲೆಗೆ ಇನ್ನೇನು ಬೇಕು. ಟಿಬಿ ಕಣ್ಣಿಗೂ ಬರ್ತದೆ, ಅದಕ್ಕೆ ಕೆಮ್ಮೂ ಬೇಕಾಗಿಲ್ಲ, ಎದೆ ಎಕ್ಸ್‌ರೇ ನಾರ್ಮಲ್ ಇರಬಹುದು. ಕಷ್ಟ ಏನಂದ್ರೆ ಕಣ್ಣಿನ ಟಿಬಿಯಲ್ಲಿ ಬ್ಯಾಕ್ಟೀರಿಯಾ ಇರೋದೇ ಬೆರಳೆಣಿಕೆಯಷ್ಟು, ಕಣ್ಣಿಂದ ನೀರು ತೆಗೆದು ಪಿಸಿಆರ್ ಮಾಡಿದ್ರೂ ಎಷ್ಟೋ ಸಲ ನೆಗೆಟಿವ್. ಇನ್ನು ಕೈಗೆ ಚುಚ್ಚಿ ನೋಡುವ ಮಾಂಟೂ ಟೆಸ್ಟ್, ರಕ್ತದ ಐಜಿಆರ್‌ಎ ಟೆಸ್ಟ್ ಹೇಳೋದು ಈ ಮನುಷ್ಯನ ದೇಹಕ್ಕೆ ಟಿಬಿ ಪರಿಚಯ ಇದೆ ಅಂತ ಮಾತ್ರ, ನಮ್ಮ ದೇಶದಲ್ಲಿ ಪರಿಚಯ ಯಾರಿಗಿಲ್ಲ ಹೇಳಿ! ಪಾಸಿಟಿವ್ ಬಂತು ಅಂದ ಮಾತ್ರಕ್ಕೆ ಕಣ್ಣಿನ ಉರಿಯೂತ ಟಿಬಿಯದ್ದೇ ಅನ್ನೋ ಹಾಗಿಲ್ಲ. ಹಾಗಾಗಿ ಡಾಕ್ಟ್ರು ಕಣ್ಣೊಳಗಿನ ಕಲೆಯ ರೂಪ, ರಕ್ತನಾಳದ ಊತ, ಎದೆಯ ಸಿಟಿ ಸ್ಕ್ಯಾನ್, ಈ ಟೆಸ್ಟುಗಳು, ಎಲ್ಲ ಸೇರಿಸಿ ಒಂದು ಅಂದಾಜಿಗೆ ಬರ್ತಾರೆ. ಇಬ್ಬರು ಒಳ್ಳೆ ಡಾಕ್ಟ್ರು ಒಂದೇ ಫೈಲ್ ನೋಡಿ ಬೇರೆ ಬೇರೆ ಹೇಳಿದ್ರೆ ಇಬ್ಬರಲ್ಲಿ ಒಬ್ಬರು ಮೋಸ ಮಾಡ್ತಿದ್ದಾರೆ ಅಂತ ಅರ್ಥ ಅಲ್ಲ, ವಿಷಯವೇ ಅಷ್ಟು ಜಟಿಲ.

ಟಿಬಿಯದ್ದು ಅಂತ ತೀರ್ಮಾನ ಆದ್ರೆ ಆರರಿಂದ ಒಂಬತ್ತು ತಿಂಗಳ, ಕೆಲವೊಮ್ಮೆ ಇನ್ನೂ ಉದ್ದದ ಮಾತ್ರೆ, ಜೊತೆಗೇ ಸ್ಟೆರಾಯ್ಡ್. ಇಲ್ಲಿ ಎರಡು ಮೂರು ಸೂಕ್ಷ್ಮ ಉಂಟು. ಟಿಬಿ ಮಾತ್ರೆಯಲ್ಲಿ ಒಂದಾದ ರಿಫಾಂಪಿಸಿನ್ ದೇಹದಲ್ಲಿ ಸ್ಟೆರಾಯ್ಡನ್ನು ಬೇಗ ಕರಗಿಸಿಬಿಡ್ತದೆ, ಅದೇ ಡೋಸ್ ಸಾಕಾಗೋದಿಲ್ಲ. ಇನ್ನೊಂದು ಎಥಾಂಬುಟಾಲ್, ಕಣ್ಣಿನ ನರಕ್ಕೇ ತೊಂದರೆ ಕೊಡಬಲ್ಲದು, ಕೆಂಪು ಹಸಿರು ಬಣ್ಣ ಮಾಸಿದ ಹಾಗೆ ಕಂಡ್ರೆ ಅದೇ ದಿನ ಹೇಳ್ಬೇಕು. ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ ಕೆಲವರಿಗೆ ಉರಿಯೂತ ಜಾಸ್ತಿಯೇ ಆಗ್ತದೆ, ಸಾಯುವ ಬ್ಯಾಕ್ಟೀರಿಯಾಕ್ಕೆ ದೇಹದ ಪ್ರತಿಕ್ರಿಯೆ ಅದು, ಅಷ್ಟಕ್ಕೇ ಮದ್ದು ತಪ್ಪು ಅಂತ ಬಿಡೋದಲ್ಲ. ಸರ್ಕಾರದ ಟಿಬಿ ನೋಂದಣಿ ಪೋರ್ಟಲ್ ನಿಕ್ಷಯ್‌ನಲ್ಲಿ ಹೆಸರು ಸೇರಿಸಿದ್ರೆ ಮಾತ್ರೆ ಪುಕ್ಕಟೆ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಖಾತೆಗೆ, 2024ರ ನವೆಂಬರ್ ತನಕ ಅದು 500 ಇತ್ತು. ಮದುವೆ ಆಗದ ಹುಡುಗರ ಮನೆಯವರು ಟಿಬಿ ಅಂತ ಹೆಸರು ಬರಬಾರದು ಅಂತ ಇದನ್ನು ಬಿಡೋದೂ ಉಂಟು. ಕಣ್ಣಿನ ಟಿಬಿ ಮಾತ್ರ ಇದ್ದು ಶ್ವಾಸಕೋಶದಲ್ಲಿ ಇಲ್ಲದಿದ್ರೆ ಅದು ಇನ್ನೊಬ್ಬರಿಗೆ ಹರಡೋದಿಲ್ಲ, ಇದನ್ನು ಅತ್ತೆ ಮಾವನ ಮನೆಯವರಿಗೆ ಯಾರಾದ್ರೂ ಕೂತು ವಿವರಿಸ್ಬೇಕು.

ಇನ್ನೊಂದು ನಮ್ಮ ಕರಾವಳಿಯವರಿಗೆ ಚೆನ್ನಾಗಿ ಗೊತ್ತಿರುವ ಕಾಯಿಲೆ, ಇಲಿಜ್ವರ, ಡಾಕ್ಟ್ರ ಬಾಯಲ್ಲಿ ಲೆಪ್ಟೊ. ಉಡುಪಿ, ದಕ್ಷಿಣ ಕನ್ನಡದ ಗದ್ದೆ ಕೆಲಸದವರಿಗೆ ಬರೋದು ಮುಂಬೈಯಲ್ಲಿ ಹಿಂದ್‌ಮಾತಾದ ಮೊಣಕಾಲು ನೀರಲ್ಲಿ ನಡೆದವರಿಗೆ ಬರ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಊರು ಮುಳುಗಿದ ಮೇಲೆ ಲೆಪ್ಟೊ ಹೇಗೆ ಹರಡಿತು ಅಂತ ಆಗ ಇಲ್ಲಿದ್ದವರಿಗೆ ನೆನಪಿದೆ. ಅಷ್ಟಾಗಿ ಗೊತ್ತಿಲ್ಲದ್ದು ಏನಂದ್ರೆ, ಜ್ವರ ಬಿಟ್ಟು ವಾರಗಳ ಮೇಲೆ, ತಿಂಗಳುಗಳ ಮೇಲೆ, ಎಲ್ಲ ಮರೆತ ಹೊತ್ತಿಗೆ ಅದೇ ಕಾಯಿಲೆ ಕಣ್ಣೊಳಗೆ ಉರಿಯೂತ ಆಗಿ ಬರಬಹುದು. 1990ರ ದಶಕದಲ್ಲಿ ಮದುರೈಯ ಅರವಿಂದ ಕಣ್ಣಾಸ್ಪತ್ರೆಯವರು ನೆರೆ ಬಂದ ಮೇಲೆ ಗುಂಪು ಗುಂಪಾಗಿ ಬಂದ ಇಂಥ ರೋಗಿಗಳನ್ನು ದಾಖಲೆ ಮಾಡಿದ ಮೇಲೆಯೇ ಇದು ಜಗತ್ತಿನ ಗಮನಕ್ಕೆ ಸರಿಯಾಗಿ ಬಂದದ್ದು. ಮಳೆಗಾಲದಲ್ಲಿ ನೀರಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟ್ರನ್ನು ಕೇಳಿ ಡಾಕ್ಸಿಸೈಕ್ಲಿನ್ ತಗೊಳ್ಳಿ ಅಂತ ಮುಂಬೈ ಪಾಲಿಕೆ ಬಿಎಂಸಿ ಹೇಳ್ತಾ ಇರ್ತದೆ, ನಾವು ಕೇಳೋದು ಕಡಿಮೆ. ದೀಪಾವಳಿ ಹೊತ್ತಿಗೆ ಕಣ್ಣು ಕೆಂಪಾದ್ರೆ ಜುಲೈಯ ಜ್ವರದ ಕಥೆ ಡಾಕ್ಟ್ರಿಗೆ ಹೇಳಿ. ಒಳ್ಳೇ ಸುದ್ದಿ, ಹೊತ್ತಿಗೆ ಸರಿಯಾಗಿ ಮದ್ದಾದ್ರೆ ಇದರಲ್ಲಿ ಹೆಚ್ಚಿನವರಿಗೆ ದೃಷ್ಟಿ ಚೆನ್ನಾಗಿ ವಾಪಸ್ ಬರ್ತದೆ. ಚಿಕುನ್‌ಗುನ್ಯಾ, ಡೆಂಗಿ ಆದ ಮೇಲೂ ಕಣ್ಣಿಗೆ ಬರಬಹುದು.

ಉಳಿದ ಕಾರಣಗಳ ಪಟ್ಟಿ ದೊಡ್ಡದು, ಸಾರ್ಕಾಯ್ಡ್, ಟಾಕ್ಸೋಪ್ಲಾಸ್ಮಾ, ಸಿಫಿಲಿಸ್, ಬೆಹ್ಚೆಟ್, ಎಲ್ಲದರ ಬಗ್ಗೆ ಬರೀತಾ ಹೋದ್ರೆ ಮುಗಿಯೋದಿಲ್ಲ. ಸಿಫಿಲಿಸ್ ಟೆಸ್ಟ್ ಬರೆದ್ರೆ ಯಾರೂ ಬೇಜಾರು ಮಾಡ್ಕೊಳ್ಬೇಡಿ, ಎಲ್ಲರಿಗೂ ಬರೀತಾರೆ. ವಿಕೆಎಚ್ ಅಂತ ಒಂದುಂಟು, ತಲೆನೋವು, ಕಿವಿಯಲ್ಲಿ ಗುಂಯ್‌ಗುಟ್ಟೋದು, ಎರಡೂ ಕಣ್ಣು ಒಟ್ಟಿಗೆ ಮಂಜು, ಮೈಗ್ರೇನ್ ಅಂತ ತಪ್ಪು ತಿಳಿದು ದಿನ ಹೋದ್ರೆ ಕಷ್ಟ, ಅದಕ್ಕೆ ಅಡ್ಮಿಟ್ ಮಾಡಿ ಮೂರು ದಿನ ರಕ್ತನಾಳಕ್ಕೆ ದೊಡ್ಡ ಡೋಸ್ ಸ್ಟೆರಾಯ್ಡ್ ಕೊಡೋದುಂಟು. ವಯಸ್ಸಾದವರಲ್ಲಿ ಕಣ್ಣೊಳಗಿನ ಲಿಂಫೋಮಾ ಅನ್ನೋ ಕ್ಯಾನ್ಸರ್ ಯೂವಿಯೈಟಿಸ್ ವೇಷ ಹಾಕ್ಕೊಂಡು ಬರ್ತದೆ. ಮತ್ತೆ ಮೋತಿಬಿಂದು, ಅಂದ್ರೆ ಕಣ್ಣಿನ ಪೊರೆಯ ಆಪರೇಷನ್ ಆದವರಿಗೆ ಕೆಲ ದಿನದಲ್ಲೇ ನೋವು, ಕೆಂಪು, ಮಂಜು ಶುರುವಾದ್ರೆ ಅದರ ನಿಯಮವೇ ಬೇರೆ, ಒಳಗೆ ಬ್ಯಾಕ್ಟೀರಿಯಾ ಹೋಗಿರಬಹುದು, ಅದೇ ದಿನ ಕಣ್ಣೊಳಗೆ ಆಂಟಿಬಯಾಟಿಕ್ ಇಂಜೆಕ್ಷನ್ ಬೇಕಾಗ್ತದೆ, ಸೋಮವಾರ ತನಕ ಕಾಯುವಾ ಅನ್ನೋ ಪ್ರಶ್ನೆ ಇಲ್ಲ.

ಡ್ರಾಪ್ಸ್ ತಲುಪೋದು ಕಣ್ಣಿನ ಮುಂಭಾಗಕ್ಕೆ ಮಾತ್ರ. ಹಿಂಭಾಗದ ಉರಿಯೂತಕ್ಕೆ ಕಣ್ಣಿನ ಪಕ್ಕ ಅಥವಾ ಒಳಗೆ ಇಂಜೆಕ್ಷನ್, ಕೆಲವು ತಿಂಗಳು ಮದ್ದು ಬಿಡುತ್ತಾ ಇರುವ ಸಣ್ಣ ಇಂಪ್ಲಾಂಟ್, ಇಲ್ಲವೇ ಮಾತ್ರೆ. ಸ್ಟೆರಾಯ್ಡ್ ಅಂದ ಕೂಡಲೇ ನಮ್ಮ ಜನಕ್ಕೆ ಎರಡೇ ಗುಣ, ಒಂದೋ ಕೇಳಿದ್ರೇ ಹೆದರಿ ಓಡೋದು, ಇಲ್ಲ ಹಳೇ ಚೀಟಿ ತೋರಿಸಿ ತಾವೇ ತಿಂತಾ ಇರೋದು. ಕಾರ್ಟಿಸೋನ್ 1948ರಲ್ಲಿ ಮೊದಲ ಸಲ ಸಂಧಿವಾತದ ರೋಗಿಗೆ ಕೊಟ್ಟು 1950ರಲ್ಲೇ ಅದಕ್ಕೆ ನೊಬೆಲ್ ಬಂತು, ಅಷ್ಟು ದೊಡ್ಡ ಸಂಗತಿ ಅದು, ಅದಕ್ಕಿಂತ ಮುಂಚೆ ಈ ಕಾಯಿಲೆಯಲ್ಲಿ ಕಣ್ಣು ಹೋಗೋದನ್ನು ನೋಡ್ತಾ ಕೂರ್ಬೇಕಿತ್ತು. ಆದ್ರೆ ಮಾತ್ರೆಯನ್ನು ತಿಂಗಳುಗಟ್ಟಲೆ ತಿಂದ್ರೆ ಶುಗರ್ ಏರ್ತದೆ, ಬಿಪಿ ಏರ್ತದೆ, ಮೂಳೆ ಸವೀತದೆ, ನಿದ್ದೆ ಕೆಡ್ತದೆ. ಒಮ್ಮೆಲೇ ನಿಲ್ಲಿಸಿದ್ರೆ ಇನ್ನೂ ಅಪಾಯ, ದೇಹ ತನ್ನ ಸ್ವಂತ ಸ್ಟೆರಾಯ್ಡ್ ಮಾಡೋದನ್ನು ಬಿಟ್ಟಿರ್ತದೆ. ಹಾಗಾಗಿ ದಿನಕ್ಕೆ 7.5 ಮಿಲಿಗ್ರಾಂಗಿಂತ ಕಡಿಮೆಗೆ ಇಳಿಸ್ಲಿಕ್ಕೆ ಆಗದೆ ಮೂರು ತಿಂಗಳು ಆಯ್ತು ಅಂದ್ರೆ ಬೇರೆ ಮದ್ದು ಸೇರಿಸ್ತಾರೆ.

ಆ ಬೇರೆ ಮದ್ದುಗಳಲ್ಲಿ ಹಳೇದು, ಅಗ್ಗದ್ದು ಮೆಥೊಟ್ರೆಕ್ಸೇಟ್. ದುಬಾರಿ ಮದ್ದೇ ಒಳ್ಳೇದು ಅನ್ನೋ ನಂಬಿಕೆ ಇರುವವರಿಗಾಗಿ ಹೇಳ್ತೇನೆ, 2019ರಲ್ಲಿ ಪ್ರಕಟವಾದ ಫಾಸ್ಟ್ ಅನ್ನೋ ಅಧ್ಯಯನದಲ್ಲಿ ಭಾರತದ ಆಸ್ಪತ್ರೆಗಳೂ ಸೇರಿ ಐದು ದೇಶಗಳ 216 ರೋಗಿಗಳಿಗೆ ಮೆಥೊಟ್ರೆಕ್ಸೇಟ್ ಅಥವಾ ಅದಕ್ಕಿಂತ ದುಬಾರಿಯ ಮೈಕೋಫಿನೊಲೇಟ್ ಕೊಟ್ಟು ನೋಡಿದ್ರು, ಮೈಕೋಫಿನೊಲೇಟ್ ಮೇಲು ಅಂತ ಸಾಬೀತಾಗಲಿಲ್ಲ. ಆದ್ರೆ ಮೆಥೊಟ್ರೆಕ್ಸೇಟ್ ತಿನ್ನೋದು ವಾರಕ್ಕೆ ಒಂದೇ ದಿನ. ಒಂದೇ ದಿನ, ಇದನ್ನು ದೊಡ್ಡದಾಗಿ ಬರೆದು ಫ್ರಿಜ್ಜಿಗೆ ಅಂಟಿಸಿ, ತಪ್ಪಿ ದಿನಾ ತಿಂದು ಪ್ರಾಣಕ್ಕೆ ಕುತ್ತು ತಂದ್ಕೊಂಡವರಿದ್ದಾರೆ. ಜೊತೆಗೆ ಫೋಲಿಕ್ ಆಸಿಡ್, ಕುಡಿಯೋದು ಬಂದ್, ಕೆಲವು ವಾರಕ್ಕೊಮ್ಮೆ ಲಿವರ್ ಮತ್ತು ರಕ್ತದ ಟೆಸ್ಟ್. ಮಕ್ಕಳು ಬೇಕು ಅನ್ನುವ ಯೋಚನೆ ಇದ್ರೆ ಮೊದಲೇ ಡಾಕ್ಟ್ರಿಗೆ ಹೇಳ್ಬೇಕು.

ಅದಕ್ಕೂ ಬಗ್ಗದಿದ್ರೆ ಅಡಾಲಿಮುಮಾಬ್, ಎರಡು ವಾರಕ್ಕೊಮ್ಮೆ ಚರ್ಮದಡಿ ಚುಚ್ಚುವ ಇಂಜೆಕ್ಷನ್. ಅಮೆರಿಕದಲ್ಲಿ ಯೂವಿಯೈಟಿಸ್ಸಿಗೆ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ, ಆದ್ರೆ ಈ ಮದ್ದಿನ ಜಗತ್ತಿನ ಮೊದಲ ಬಯೋಸಿಮಿಲರ್ (ಮೂಲ ಮದ್ದಿನ ಹಾಗೇ ಬೇರೆ ಕಂಪೆನಿ ಮಾಡುವ ಮದ್ದು) ಝೈಡಸ್ ಕಂಪೆನಿಯಿಂದ ನಮ್ಮ ದೇಶದಲ್ಲೇ 2014ರ ಡಿಸೆಂಬರಲ್ಲಿ ಬಂದಿತ್ತು, ಬೆಲೆ ಮೂಲ ಮದ್ದಿಗಿಂತ ತುಂಬಾ ಕಡಿಮೆ. ಕಡಿಮೆ ಅಂದ್ರೂ ಸಂಬಳದಲ್ಲಿ ಬದುಕುವವರಿಗೆ ಹಗುರ ಅಲ್ಲ, ಮನೆಯಲ್ಲಿ ಚುಚ್ಚಿಕೊಳ್ಳುವ ಮದ್ದು ಅಂತ ಎಷ್ಟೋ ಮೆಡಿಕ್ಲೇಮಲ್ಲಿ ದುಡ್ಡು ಸಿಗೋದಿಲ್ಲ. ಮತ್ತೆ ಇಲ್ಲಿ ಟಿಬಿ ಅಡ್ಡ ಬರ್ತದೆ, ಈ ಮದ್ದು ದೇಹದಲ್ಲಿ ಸುಮ್ಮನೆ ಮಲಗಿರುವ ಟಿಬಿಯನ್ನು ಎಬ್ಬಿಸಬಲ್ಲದು, ಶುರು ಮಾಡುವ ಮೊದಲು ಟಿಬಿ ಟೆಸ್ಟ್ ಕಡ್ಡಾಯ.

ಮಕ್ಕಳ ವಿಷಯ ಬೇರೆಯೇ ಹೇಳ್ಬೇಕು, ಕೆಂಪನ್ನು ನಂಬೋದು ಎಷ್ಟು ತಪ್ಪು ಅಂತ ಗೊತ್ತಾಗೋದು ಅಲ್ಲೇ. ಸಣ್ಣ ಮಕ್ಕಳಿಗೆ ಬರುವ ಒಂದು ಬಗೆ ಗಂಟು ಊತ, ಜೆಐಎ ಅಂತಾರೆ, ಅದರಲ್ಲಿ ಕಣ್ಣೊಳಗೆ ಉರಿಯೂತ ಇರ್ತದೆ, ಕಣ್ಣು ಮಾತ್ರ ಹಾಲಿನ ಹಾಗೆ ಬೆಳ್ಳಗೆ, ನೋವಿಲ್ಲ, ಮಗು ಏನೂ ಹೇಳೋದಿಲ್ಲ. ಟಿವಿಗೆ ಹತ್ತಿರ ಹೋಗಿ ಕೂರ್ತಾಳೆ ಅಂತ ಬೈತೇವೆ. ಕಪ್ಪುಗುಡ್ಡೆಯ ಮೇಲೆ ಬಿಳಿ ಪಟ್ಟಿ ಕಾಣುವಾಗ ವರ್ಷ ಕಳೆದಿರ್ತದೆ. ಮೊಣಕಾಲು ಊದಿದ ಮಗುವಿಗೆ, ಅದರಲ್ಲೂ ಸಣ್ಣ ಹೆಣ್ಣುಮಕ್ಕಳಿಗೆ, ಕಣ್ಣು ಚೆನ್ನಾಗಿದ್ರೂ ಮೂರು ತಿಂಗಳಿಗೊಮ್ಮೆ ಸ್ಲಿಟ್ ಲ್ಯಾಂಪಲ್ಲಿ ನೋಡಿಸೋದು ಇದಕ್ಕೇ. ಮೆಥೊಟ್ರೆಕ್ಸೇಟ್ ಜೊತೆ ಅಡಾಲಿಮುಮಾಬ್ ಕೊಟ್ರೆ ಇಂಥ ಮಕ್ಕಳಿಗೆ ಎಷ್ಟು ಪ್ರಯೋಜನ ಅಂತ 2017ರ ಬ್ರಿಟನ್ನಿನ ಒಂದು ಅಧ್ಯಯನ ತೋರಿಸಿಕೊಟ್ಟಿದೆ.

ಉರಿಯೂತ ಪದೇ ಪದೇ ಆದವರಿಗೆ ಪೊರೆ ಬೇಗ ಬರ್ತದೆ, ಕಾಯಿಲೆಯಿಂದಲೂ ಬರ್ತದೆ, ಸ್ಟೆರಾಯ್ಡಿಂದಲೂ ಬರ್ತದೆ. ಆಪರೇಷನ್ ಬೇಗ ಮಾಡಿಸ್ಬೇಕು ಅಂತ ಅವಸರ ಇದ್ರೂ, ಕಣ್ಣು ಕನಿಷ್ಠ ಮೂರು ತಿಂಗಳು ಪೂರ್ತಿ ಶಾಂತ ಇರಬೇಕು, ಬೆಳ್ಳಗೆ ಇದೆ ಅಂತಲ್ಲ, ಸ್ಲಿಟ್ ಲ್ಯಾಂಪಲ್ಲಿ ಸೊನ್ನೆ ಇರಬೇಕು. ದೃಷ್ಟಿ ಹೋಗ್ಲಿಕ್ಕೆ ದೊಡ್ಡ ಕಾರಣ ರೆಟಿನಾದ ನಡುವೆ ನೀರು ತುಂಬಿ ಊದಿಕೊಳ್ಳೋದು, ಅದು ಕಾಣೋದು ಒಸಿಟಿ ಸ್ಕ್ಯಾನಲ್ಲಿ.

ಕೊನೆಗೆ ನಮ್ಮ ಮುಂಬೈ ಕನ್ನಡಿಗರದ್ದೇ ಒಂದು ಸಮಸ್ಯೆ, ಊರು. ಮೇ ತಿಂಗಳಲ್ಲಿ ಮದುವೆ, ಗೃಹಪ್ರವೇಶ, ಅದಕ್ಕೆ ಮೊದಲು ಜಾತ್ರೆ, ನೇಮ, ಮತ್ಸ್ಯಗಂಧ ಟ್ರೇನ್ ಹತ್ತಿ ಹೋದ್ರೆ ಹದಿನೈದು ದಿನ. ದಿನಕ್ಕೆ ನಾಲ್ಕು ಹನಿಗೆ ಇಳಿದಿದ್ದ ಕಣ್ಣು ಅಲ್ಲಿ ಸೊನ್ನೆಗೆ ಇಳೀತದೆ, ಬಾಟಲಿ ಮುಂಬೈಯ ರೂಮಲ್ಲಿ. ಊರಲ್ಲಿ ಕಣ್ಣು ಕೆಂಪಾಗಿ ಅಲ್ಲಿನ ಡಾಕ್ಟ್ರ ಹತ್ರ ಹೋದ್ರೆ ಅವರಿಗೆ ಹಿಂದಿನದ್ದು ಏನೂ ಗೊತ್ತಿಲ್ಲ, ಎಲ್ಲ ಟೆಸ್ಟ್ ಹೊಸದಾಗಿ. ಪ್ರತಿ ಸಲದ ಚೀಟಿಯ ಫೋಟೋ ಮೊಬೈಲಲ್ಲಿ ಇಟ್ಕೊಳ್ಳಿ, ಅದರಲ್ಲಿ ಮೂರು ವಿಷಯ ಇದೆಯಾ ನೋಡಿ, ಸೆಲ್ಸ್ ಎಷ್ಟು ಪ್ಲಸ್, ಕಣ್ಣಿನ ಪ್ರೆಶರ್ ಎಷ್ಟು, ಯಾವ ಡ್ರಾಪ್ಸ್ ಯಾವ ತಾರೀಕಿನಿಂದ ಎಷ್ಟು ಸಲ. ಇಲ್ಲದಿದ್ರೆ ಬರ್ಕೊಡಿ ಅಂತ ಕೇಳಿ, ಯಾರೂ ಇಲ್ಲ ಅನ್ನೋದಿಲ್ಲ. ಐಜಿಆರ್‌ಎ ಮತ್ತು ಎಚ್‌ಎಲ್‌ಎ ರಿಪೋರ್ಟಿನ ಫೋಟೋವೂ ಅದರ ಜೊತೆಗೇ ಇರ್ಲಿ, ಅವನ್ನು ಪದೇ ಪದೇ ಮಾಡಿಸೋದು ದುಡ್ಡು ದಂಡ. ಮತ್ತೆ ಗಲ್ಲಾದ ಡ್ರಾವರಲ್ಲಿರುವ ಆ ಬಾಟಲಿ, ಸೀಲ್ ಒಡೆದು ಒಂದು ತಿಂಗಳು ದಾಟಿದ್ರೆ ಎಕ್ಸ್‌ಪೈರಿ ಡೇಟ್ ಎಷ್ಟೇ ದೂರ ಇದ್ರೂ ಎಸೀಬೇಕು.